ತೆರೆಯ ಮೇಲಿನ ಕಳೆದುಹೋದ ಕುರಿ

ಹಸಿದ ಮಗುವಿಗಾಗಿ ಒಂದು ರೊಟ್ಟಿ ಕದ್ದವನು ಹತ್ತೊಂಬತ್ತು ವರ್ಷ ಸೆರೆಯಲ್ಲಿ ಕಳೆದು ಹೊರಬರುತ್ತಾನೆ. ಊರಿನಲ್ಲಿ ಯಾರೂ ಅವನನ್ನು ಬಾಗಿಲೊಳಕ್ಕೆ ಸೇರಿಸುವುದಿಲ್ಲ. ಕರೆದು ಊಟವಿಕ್ಕಿ ಹಾಸಿಗೆ ಕೊಟ್ಟವರು ಒಬ್ಬ ವೃದ್ಧ ಬಿಷಪ್. ಆ ಮನೆಯ ಬೆಳ್ಳಿಯನ್ನೇ ಕದ್ದು ಓಡಿದವನನ್ನು ಪೊಲೀಸರು ಹಿಡಿದು ತಂದಾಗ, ಅದನ್ನು ತಾವೇ ಕೊಟ್ಟದ್ದೆಂದು ಬಿಷಪ್ ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ, ಉಳಿದಿದ್ದ ಬೆಳ್ಳಿಯ ದೀಪದ ಕಂಬಗಳನ್ನೂ ಅವನ ಕೈಗಿಡುತ್ತಾರೆ.

ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಕಾದಂಬರಿಯ ಈ ಪ್ರಸಂಗ ಮತ್ತೆ ಮತ್ತೆ ತೆರೆಗೆ ಬಂದಿದೆ. 1950ರಲ್ಲಿ ಅದು ತಮಿಳಿನಲ್ಲಿ ‘ಏಳೈ ಪಡುಂ ಪಾಡು’ ಆಯಿತು. 2012ರಲ್ಲಿ ಟಾಮ್ ಹೂಪರ್ ನಿರ್ದೇಶನದಲ್ಲಿ ಸಂಗೀತಚಿತ್ರವಾಗಿ ಬಂದಿತು. ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ತೋರಿಸಿದರೆ ಒಂದು ಪ್ರಶ್ನೆ ಏಳುವುದು ಸಹಜ: ಬಿಷಪ್ ಸುಳ್ಳು ಹೇಳಿದರಲ್ಲವೇ? ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಗೆ ನಿಷೇಧವಿಲ್ಲವೇ? ಆ ಆಜ್ಞೆ ನೆರೆಯವನ ವಿರುದ್ಧ ನುಡಿಯುವ ಸುಳ್ಳುಸಾಕ್ಷಿಯನ್ನು ಕುರಿತದ್ದು, ಬಿಷಪ್ ನುಡಿದದ್ದು ನೆರೆಯವನ ಪರವಾಗಿ ಎಂದು ಒಬ್ಬರು ವಾದಿಸಬಹುದು. ಸುಳ್ಳು ಸುಳ್ಳೇ ಎಂದು ಇನ್ನೊಬ್ಬರು ಪಟ್ಟು ಹಿಡಿಯಬಹುದು. ಕ್ಷಮೆ ಎಂಬ ಮೌಲ್ಯದ ನಿಜವಾದ ಪಾಠ ಆರಂಭವಾಗುವುದೇ ಈ ವಾಗ್ವಾದದಲ್ಲಿ. ಕ್ಷಮಿಸುವುದು ಒಳ್ಳೆಯದೆಂದು ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸಿದರೆ ಆ ಪಾಠ ಅಲ್ಲಿಗೇ ಮುಗಿದುಹೋಗುತ್ತದೆ.

ಚಲನಚಿತ್ರವನ್ನು ಮೌಲ್ಯಶಿಕ್ಷಣಕ್ಕೆ ಬಳಸುವ ಆಲೋಚನೆ ಹೊಸದೇನಲ್ಲ. ಸಿನಿಮಾಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ‘ಮೌಲ್ಯ’ಗಳ ವಿಭಾಗವೇ ಪ್ರತ್ಯೇಕವಾಗಿತ್ತು. ಕ್ರೈಸ್ತನಲ್ಲದ ವ್ಯಕ್ತಿಯೊಬ್ಬನ ಬದುಕನ್ನು ಹೇಳುವ ‘ಗಾಂಧಿ’ಗೆ (1982) ಆ ವಿಭಾಗದಲ್ಲಿ ಸ್ಥಾನ ದೊರೆತದ್ದು ಗಮನಾರ್ಹ. ಯೇಸುವಿನ ಪಾತ್ರವನ್ನೇ ತೆರೆಗೆ ತರುವ, ತೆಲುಗಿನ ‘ಕರುಣಾಮಯುಡು’ವಿನಂಥ (1978) ಚಿತ್ರಗಳು ಭಕ್ತಿಗೆ ಒದಗುತ್ತವೆ. ಯೇಸುವಿನ ಹೆಸರನ್ನೇ ಎತ್ತದ ಚಿತ್ರಗಳಾದರೋ ವಿಚಾರಕ್ಕೆ ಹಚ್ಚುತ್ತವೆ.

ನಮ್ಮ ನಾಡಿನಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಕಾಲದಿಂದಲೂ ಕ್ರೈಸ್ತ ಸಂಸ್ಥೆಗಳ ಶಾಲೆಗಳು ಎಲ್ಲ ಮತಗಳ ಮಕ್ಕಳಿಗೂ ಅಕ್ಷರ ಕಲಿಸಿವೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹೀಗಿರುವಾಗ ಸಿನಿಮಾವನ್ನು ಹಿಂಬಾಗಿಲ ಬೋಧನೆಯಾಗಿ ಬಳಸುವುದು ಕಾನೂನಿಗೂ ಸಲ್ಲದು, ಪೋಷಕರು ಇಟ್ಟ ನಂಬಿಕೆಗೂ ಸಲ್ಲದು. ಯಾವ ಚಿತ್ರ, ಯಾವ ಉದ್ದೇಶ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಬೇಕು. ತರಗತಿಯಲ್ಲಿ ಒಪ್ಪದಿರುವ ಸ್ವಾತಂತ್ರ್ಯ ಮಕ್ಕಳಿಗಿರಬೇಕು.

ಆ ಸ್ವಾತಂತ್ರ್ಯವಿದ್ದಲ್ಲಿ ಮಕ್ಕಳು ತಮ್ಮ ಮನೆಯ ಅನುಭವವನ್ನೂ ಚರ್ಚೆಗೆ ತರುತ್ತಾರೆ. ದೇವಾಲಯದ ಕಾಣಿಕೆಪೆಟ್ಟಿಗೆಗೆ ಸಿರಿವಂತರು ಸುರಿದ ಹಣಕ್ಕಿಂತ ಬಡ ವಿಧವೆಯ ಎರಡು ಕಾಸು ಹೆಚ್ಚಿನದೆಂದು ಯೇಸು ಹೇಳಿದ್ದನ್ನು ಓದಿಸಿ, ಜೊತೆಗೆ ದೊರೈ-ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ವನ್ನು (1971) ತೋರಿಸಬಹುದು. ಕೊಟ್ಟು ಕೊಟ್ಟು ಬರಿಗೈಯಾದ ಮೇಲೂ ಇಲ್ಲವೆನ್ನಲಾರದ ರಾಜಕುಮಾರ್ ಪಾತ್ರವನ್ನು ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅಜ್ಜ-ಅಜ್ಜಿಯರ ಬಾಯಲ್ಲಿ ಆ ಕಥೆಯನ್ನು ಕೇಳಿದವರು ಈಗಲೂ ಇದ್ದಾರೆ. ಕ್ರೈಸ್ತ ಮೌಲ್ಯವೆಂದು ಹೆಸರಿಟ್ಟದ್ದು ದಾನ, ದಾಸೋಹ, ಜಕಾತ್ ಎಂಬ ಹೆಸರುಗಳಲ್ಲಿ ತಮ್ಮ ಮನೆಗಳಲ್ಲೂ ಇದೆಯೆಂದು ಮಕ್ಕಳು ಕಂಡುಕೊಂಡರೆ, ಅದರಿಂದ ಆ ಮೌಲ್ಯಕ್ಕೆ ಯಾವ ಕುಂದೂ ಇಲ್ಲ.

ಆದರೆ ನಿಜವಾದ ಪರೀಕ್ಷೆ ಮಕ್ಕಳದಲ್ಲ, ಶಾಲೆಯದು. ‘ತಾರೇ ಜಮೀನ್ ಪರ್’ (2007) ಚಿತ್ರದ ಎಂಟು ವರ್ಷದ ಈಶಾನ್‌ಗೆ ಅಕ್ಷರಗಳು ಕಣ್ಣೆದುರು ಕುಣಿಯುತ್ತವೆ. ಅದು ಡಿಸ್ಲೆಕ್ಸಿಯಾ ಎಂದು ಗುರುತಿಸುವ ಬದಲು ಮನೆಯವರೂ ಶಿಕ್ಷಕರೂ ಅವನನ್ನು ಸೋಮಾರಿಯೆಂದು ಜರೆಯುತ್ತಾರೆ, ದೂರದ ವಸತಿಶಾಲೆಗೆ ಅಟ್ಟುತ್ತಾರೆ. ಕೊನೆಗೆ ಒಬ್ಬ ಚಿತ್ರಕಲಾ ಶಿಕ್ಷಕ ಅವನನ್ನು ಹುಡುಕಿಕೊಳ್ಳುತ್ತಾನೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ಕಳೆದುಹೋದ ಒಂದನ್ನು ಅರಸಿ ಹೋಗುವ ಕುರುಬನ ಸಾಮತಿಗೆ ಇದಕ್ಕಿಂತ ಸಮೀಪದ ಜನಪ್ರಿಯ ಚಿತ್ರ ಸಿಗುವುದು ಕಷ್ಟ.

ಈ ಚಿತ್ರವನ್ನು ಮಧ್ಯಾಹ್ನ ತೋರಿಸಿ, ಸಂಜೆ ಹಿಂದುಳಿದ ವಿದ್ಯಾರ್ಥಿಯ ತಂದೆಯನ್ನು ಕರೆಸಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡದಂತೆ ವರ್ಗಾವಣೆ ಪತ್ರ ಒಯ್ಯಿರೆಂದು ಹೇಳಿದರೆ ಮಕ್ಕಳು ಕಲಿಯುವುದೇನು? ಗೇಟಿನ ಬಳಿ ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ತೂಗುತ್ತಿರುತ್ತದೆ. ಆ ನೂರನ್ನು ಉಳಿಸಿಕೊಳ್ಳಲು ಹೊರಗಟ್ಟಿದ ಒಂದು ಕುರಿ ಯಾವುದೆಂದು ತರಗತಿಗೆಲ್ಲ ತಿಳಿದಿರುತ್ತದೆ. ಈ ದೋಷ ಕ್ರೈಸ್ತ ಶಾಲೆಗಳಿಗಷ್ಟೇ ಅಂಟಿದ್ದಲ್ಲ. ಆದರೆ ಕಳೆದುಹೋದ ಕುರಿಯ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವ ಶಾಲೆಗೆ ಅದು ಹೆಚ್ಚು ಚುಚ್ಚಬೇಕು.

ಸಿನಿಮಾ ಮೌಲ್ಯವನ್ನು ಕಲಿಸುವುದಿಲ್ಲ, ಮೌಲ್ಯವನ್ನು ಕುರಿತ ಪ್ರಶ್ನೆಯನ್ನು ಎತ್ತಿಕೊಡುತ್ತದೆ. ಚಿತ್ರ ಮುಗಿದು ದೀಪ ಹೊತ್ತಿದಾಗ ಮಕ್ಕಳು ಮೊದಲು ನೋಡುವುದು ಮುಂದೆ ನಿಂತ ಶಿಕ್ಷಕರ ಕಡೆಗೆ. ಕೊನೆಯ ಬೆಂಚಿನ ಹುಡುಗನನ್ನು ಆ ಶಿಕ್ಷಕರು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದೇ ಅಂದಿನ ಪಾಠವಾಗಿ ಅವರಲ್ಲಿ ಉಳಿಯುತ್ತದೆ.