ಹೆಸರೊಂದು, ಗಾಡಿಗಳು ಮೂರು

ಒಂದೇ ತರಗತಿಯಲ್ಲಿ ಇಬ್ಬರು ಗಣೇಶರಿದ್ದರೆ ನಾವು ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಬರೆದುಕೊಳ್ಳುತ್ತೇವೆ. ಹೆಸರು ಒಂದಾಯಿತೆಂದು ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ವ್ಯಾಪಾರದಲ್ಲಾದರೋ ಹೆಸರೂ ಒಂದು ಸ್ವತ್ತು. ಹಾಗಿದ್ದೂ ಬೇರೆ ಬೇರೆ ಕಾರ್ಖಾನೆಗಳ ಮೋಟಾರು ಗಾಡಿಗಳಿಗೆ ಒಂದೇ ಹೆಸರಿರುವುದುಂಟು. ಇದು ಹೇಗೆಂಬುದನ್ನು ಅಂಬಾಸಡರ್ ಕಾರಿನ ದೃಷ್ಟಾಂತದಿಂದ ತಿಳಿಯಬಹುದು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯು 1957ರಿಂದ ಈ ಕಾರನ್ನು ತಯಾರಿಸತೊಡಗಿತು. ಮಂತ್ರಿಗಳೂ ಅದರಲ್ಲಿ ಹೋದರು, ಮದುವೆಯ ದಿಬ್ಬಣಗಳೂ ಹೋದುವು. (ಬಾಲಕರು ಮನೆಯಲ್ಲಿ ಹಿರಿಯರನ್ನು ಕೇಳಲಿ, ಒಂದೆರಡು ಕಥೆಗಳು ಹೊರಟಾವು.) ಅದು ಅಚ್ಚ ಭಾರತದ್ದೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಅದರ ರೂಪವು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ಹೆಸರೋ, ಅದಕ್ಕೆ ಬಹು ಮೊದಲೇ ಅಮೆರಿಕೆಯಲ್ಲಿ ಬಳಕೆಯಲ್ಲಿತ್ತು! ಅಲ್ಲಿಯ ನ್ಯಾಶ್ ಕಂಪನಿಯು 1920ರ ದಶಕದಲ್ಲಿಯೇ ತನ್ನ ಮೇಲು ದರ್ಜೆಯ ಗಾಡಿಗೆ ಅದನ್ನಿಟ್ಟಿತ್ತು. 1954ರಲ್ಲಿ ನ್ಯಾಶ್, ಹಡ್ಸನ್ ಎರಡೂ ಕೂಡಿ ಅಮೆರಿಕನ್ ಮೋಟಾರ್ಸ್ ಆದ ಮೇಲೂ ಹೆಸರು ಉಳಿದು, 1974ರವರೆಗೆ ನಡೆಯಿತು. ಹೀಗೆ ಸುಮಾರು ಹದಿನೇಳು ವರ್ಷ, ಪರಸ್ಪರ ಸಂಬಂಧವಿಲ್ಲದ ಎರಡು ಅಂಬಾಸಡರುಗಳು ಎರಡು ಖಂಡಗಳಲ್ಲಿ ತಯಾರಾಗುತ್ತಿದ್ದುವು. ಸಾಲದುದಕ್ಕೆ ಬ್ರಿಟನ್ನಿನಲ್ಲಿ 1982ರಿಂದ 1984ರವರೆಗೆ ಆಸ್ಟಿನ್ ಅಂಬಾಸಡರ್ ಎಂಬ ಮೂರನೆಯದೂ ಬಂದಿತು.

ಇದಕ್ಕೆ ಕಾರಣವೇನು? ಅಂಬಾಸಡರ್ ಎಂದರೆ ರಾಯಭಾರಿ. ನಿಘಂಟಿನಲ್ಲಿರುವ ಇಂತಹ ಗೌರವದ ಪದವು ಯಾರ ಮನಸ್ಸಿಗೂ ಹೊಳೆಯಬಹುದು. ಮುಖ್ಯ ಕಾರಣ ಬೇರೆಯಿದೆ. ಟ್ರೇಡ್ ಮಾರ್ಕಿನ ಹಕ್ಕು ಸಾಮಾನ್ಯವಾಗಿ ಒಂದೊಂದು ದೇಶಕ್ಕೆ ಪ್ರತ್ಯೇಕವಾದುದು. ಒಂದೆಡೆ ನೋಂದಾಯಿಸಿದ ಹೆಸರಿಗೆ ಗಡಿಯಾಚೆ ತಾನಾಗಿ ರಕ್ಷಣೆ ದೊರೆಯದು. ಗಡಿ ದಾಟಿದೊಡನೆ ಕಾನೂನು ಬದಲಾಗುವುದೆಂಬುದನ್ನು ಗಡಿನಾಡಿನ ನಮಗೆ ವಿವರಿಸಬೇಕಾಗಿಲ್ಲವಷ್ಟೆ. ಗಿರಾಕಿಯು ಒಂದನ್ನು ಮತ್ತೊಂದೆಂದು ಭ್ರಮಿಸಿ ಮೋಸಹೋಗಬಾರದೆಂಬುದು ಈ ಕಾನೂನಿನ ಒಂದು ಮುಖ್ಯ ಉದ್ದೇಶ.

ಒಂದೇ ಪೇಟೆಯಲ್ಲಿ ಇಬ್ಬರು ಎದುರಾದಾಗ ಮಾತು ಬೇರೆ. ಜರ್ಮನಿಯ ಪೋರ್ಷೆ ಕಂಪನಿಯು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ 901 ಎಂಬ ಕಾರನ್ನು ತೋರಿಸಿತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನಗೆ ಸೇರಿದುವೆಂದು ಪ್ಯೂಜೊ ಕಂಪನಿ ಆಕ್ಷೇಪಿಸಿತು. ಪೋರ್ಷೆ ಮರುವರ್ಷವೇ ಸೊನ್ನೆಯನ್ನು ಒಂದಾಗಿಸಿತು. ಲೋಕಪ್ರಸಿದ್ಧವಾದ 911 ಹುಟ್ಟಿದುದು ಹೀಗೆ.

ಉತ್ತರಪಾಡಾದಲ್ಲಿ 2014ರಲ್ಲಿ ಕಾರಿನ ತಯಾರಿಕೆ ನಿಂತುಹೋಯಿತು. ಹೆಸರು ಮಾತ್ರ ಸ್ವತ್ತಾಗಿ ಉಳಿದಿತ್ತು. 2017ರಲ್ಲಿ ಅದನ್ನು 80 ಕೋಟಿ ರೂಪಾಯಿಗೆ ಕೊಂಡುಕೊಂಡವರು, ಹಿಂದೆ ಸೊನ್ನೆಗಾಗಿ ಹಟಹಿಡಿದಿದ್ದ ಆ ಪ್ಯೂಜೊ ಕಂಪನಿಯವರೇ.