ಪೀಣ್ಯದಲ್ಲಿ ನಾಲ್ಕನೇ ವರ್ಷ

ಬೆಳಗಿನ ಪಾಳಿಯ ಹೊತ್ತು. ಬೆಂಗಳೂರಿನ ಪೀಣ್ಯದ ರಸ್ತೆಬದಿಯಲ್ಲಿ ಇಡ್ಲಿ ಗಾಡಿಯ ಹಬೆ ಏಳುತ್ತಿರುವಾಗಲೇ ಒಳರಸ್ತೆಯ ಷೆಡ್ಡುಗಳಲ್ಲಿ ಮೋಟಾರುಗಳು ಒಂದೊಂದಾಗಿ ಗುಂಯ್‌ಗುಡತೊಡಗುತ್ತವೆ. ಒಂದು ಷೆಡ್ಡಿನೊಳಗೆ ಹೋಗೋಣ ಬನ್ನಿ. ಹೊಸ್ತಿಲು ದಾಟುತ್ತಲೇ ಕೂಲಂಟ್ ಎಣ್ಣೆಯ ಕಮಟು, ಕಾದ ಕಬ್ಬಿಣದ ವಾಸನೆ ಎರಡೂ ಮೂಗಿಗೆ ಅಡರುತ್ತವೆ. ಲೇತಿನಿಂದ ಕಳಚಿಬಿದ್ದ ಉಕ್ಕಿನ ಸುರುಳಿಗಳು ಟ್ರೇಯಲ್ಲಿ ನೀಲಿಗಟ್ಟಿ ಹೊಳೆಯುತ್ತಿವೆ.

ಮೂಲೆಯ ಗ್ರೈಂಡಿಂಗ್ ಯಂತ್ರದ ಮುಂದೆ ಹತ್ತೊಂಬತ್ತರ ಹುಡುಗನೊಬ್ಬ ಬಾಗಿ ನಿಂತಿದ್ದಾನೆ. ಮೇಜು ಎಡಕ್ಕೂ ಬಲಕ್ಕೂ ತೂಗುತ್ತದೆ, ಕಲ್ಲು ತಾಗಿದಲ್ಲಿ ಕಿಡಿ ಚಿಮ್ಮುತ್ತದೆ. ಯಂತ್ರ ನಿಲ್ಲಿಸಿ, ಡೈ (ಅಚ್ಚು) ಬ್ಲಾಕನ್ನು ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರನ್ನು ಕಟಕಟನೆ ತಿರುಗಿಸಿ, ಉಸಿರು ಬಿಗಿಹಿಡಿದು ಓದುತ್ತಾನೆ. "ಸಾರ್, ಇನ್ನೂ 20 ಮೈಕ್ರಾನ್ ಇದೆ." ಪಕ್ಕದ ಹಿರಿಯ ಕೆಲಸಗಾರ ತಲೆಯೆತ್ತದೆಯೇ ಹೇಳುತ್ತಾರೆ: "ಅವಸರ ಬೇಡಪ್ಪ. ಹೋದ ಮೆಟೀರಿಯಲ್ಲು ವಾಪಸ್ ಅಂಟಲ್ಲ." ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತಲೆಗೂದಲೂ ಅದರ ಮುಂದೆ ಹಗ್ಗವೇ.

ಈ ಹುಡುಗ ನೌಕರನಲ್ಲ, ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿಸಿ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಸೇರಿದವನು. 3 ವರ್ಷ ಅಲ್ಲಿಯ ತರಗತಿ, ವರ್ಕ್‌ಶಾಪು. ನಾಲ್ಕನೆಯ ವರ್ಷ ಇಂಥ ಕಾರ್ಖಾನೆಯಲ್ಲಿ ತರಬೇತಿ. ಓದನ್ನೂ ದುಡಿಮೆಯನ್ನೂ ಹೆಣೆಯುವ ಈ ಬಗೆಯ ಪದ್ಧತಿಯನ್ನು 1906ರಲ್ಲೇ ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ್ದರು.

ಜಿಟಿಟಿಸಿಯ ವರ್ಕ್‌ಶಾಪಿನಲ್ಲಿ ಮಾಡಿದ ಭಾಗ ಕೆಟ್ಟರೆ ಅಂಕ ಹೋಗುತ್ತಿತ್ತು. ಇಲ್ಲಿ ಡೈ ಕೆಟ್ಟರೆ ಪ್ರೆಸ್ಸು ನಿಲ್ಲುತ್ತದೆ, ಮಾಲು ತಡವಾಗುತ್ತದೆ, ಹತ್ತು ಜನರ ಕೆಲಸ ಅಲ್ಲೇ ಕೂರುತ್ತದೆ. ತನ್ನ ಕೈಯ ತಪ್ಪು ಬೇರೆಯವರ ದಿನವನ್ನು ಕೆಡಿಸಬಲ್ಲದು ಎಂಬ ಎಚ್ಚರ ಮೂಡಿದ ದಿನವೇ ಈತ ಹುಡುಗತನ ದಾಟುತ್ತಾನೆ. ನಾಳೆ ಸಂದರ್ಶನದಲ್ಲಿ ಕೂತಾಗ ಅಂಕಪಟ್ಟಿಯ ಜೊತೆಗೆ, ತಾನು ತಿದ್ದಿ ತಿದ್ದಿ ಕೂಡಿಸಿದ ಡೈಯೊಂದರ ಕಥೆಯೂ ಅವನ ಬಳಿ ಇರುತ್ತದೆ.

ಊಟದ ಗಂಟೆ ಹೊಡೆಯಿತು. ಹುಡುಗ ಕೊನೆಯ ಸಲ ಅಳೆದು, ಮುಗುಳ್ನಕ್ಕು, ಬ್ಲಾಕಿಗೆ ಎಣ್ಣೆ ಸವರಿಡುತ್ತಾನೆ.

ಷೆಡ್ಡುಗಳ ಮಾಲೀಕರಲ್ಲಿ ಒಂದೇ ಅರಿಕೆ: ಕಲಿಯಲು ಬಂದವರನ್ನು ಅಗ್ಗದ ಕೂಲಿಗಳೆಂದು ಎಣಿಸಬೇಡಿ. ಅವರನ್ನು ಯಂತ್ರದ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಬಲ್ಲವರೊಬ್ಬರನ್ನು ನಿಲ್ಲಿಸಿ.