ನಾಯಿ ಇಲಿ ಪಾಷಾಣ ತಿಂದಾಗ

ಕೃಷ್ಣೆಯ ದಂಡೆಯ ಜುಗೂಳ ಹಾಗೂ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಇಲಿ, ಹೆಗ್ಗಣಗಳ ಕಾಟ ನಿಮಗೆ ಹೊಸದಲ್ಲ. ಅವುಗಳ ಹತೋಟಿಗೆ 96 ಭಾಗ ಜೋಳದ ನುಚ್ಚು, 2 ಭಾಗ ಎಣ್ಣೆ ಮತ್ತು 2 ಭಾಗ ಜಿಂಕ್ ಫಾಸ್ಫೈಡ್ ಸೇರಿಸಿ ವಿಷದ ತಿಂಡಿ ತಯಾರಿಸುವುದುಂಟು. ಆದರೆ ಎಣ್ಣೆಯ ವಾಸನೆಗೆ ಇಲಿಯೊಂದೇ ಬರುವುದಿಲ್ಲ. ಹೊಲ ಕಾಯುವ ನಾಯಿಯೂ ಬರುತ್ತದೆ.

ಈ ಕಪ್ಪು ಪುಡಿಗೆ ಜಠರದ ಆಮ್ಲ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಸಾಮಾನ್ಯವಾಗಿ 15 ನಿಮಿಷದಿಂದ 4 ಗಂಟೆಯೊಳಗೆ ವಾಂತಿ, ಏದುಸಿರು, ತತ್ತರಿಕೆ, ಸೆಳೆತ ಕಾಣಿಸುತ್ತವೆ. ಆದ್ದರಿಂದ ನಾಯಿ ತಿಂದದ್ದನ್ನು ಕಂಡೊಡನೆ ಹೊರಡಬೇಕು. ಲಕ್ಷಣ ಕಾಣಲೆಂದು ಕಾಯುತ್ತ ಕೂಡಬಾರದು.

ಇಂಥ ಹೊತ್ತಿನಲ್ಲಿ ನೆರೆದವರೆಲ್ಲ ವೈದ್ಯರೇ! ಒಬ್ಬರು ಹಾಲು ಕುಡಿಸಿ ಎಂದರೆ, ಇನ್ನೊಬ್ಬರು ಎಣ್ಣೆ, ಮತ್ತೊಬ್ಬರು ಉಪ್ಪುನೀರು ಎನ್ನುತ್ತಾರೆ. ಯಾವುದನ್ನೂ ಕೊಡಬೇಡಿರಿ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಅದೇ ನಾಯಿಗೆ ವಿಷ. ಬಾಯಿ ಹಿಡಿದು ಸುರಿದದ್ದು ಪುಪ್ಪುಸಕ್ಕೂ ಇಳಿಯಬಹುದು. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ಪಶುವೈದ್ಯರೇ ಹೇಳಲಿ.

ನಾಯಿ ತಾನಾಗಿ ವಾಂತಿ ಮಾಡಿಕೊಂಡರೆ ಬಯಲಿನಲ್ಲೇ ಇರಿಸಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಿರಿ. ವಾಂತಿಯಿಂದ ಏಳುವ ಅನಿಲ ಮನುಷ್ಯರಿಗೂ ಅಪಾಯಕಾರಿ. ಅದು ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬೀರುವುದುಂಟು. ಆದರೆ ವಾಸನೆ ಬರಲಿಲ್ಲವೆಂದು ಧೈರ್ಯ ತಾಳಬಾರದು. ಗಾಡಿಯಲ್ಲಿ ಒಯ್ಯುವಾಗ ಕಿಟಕಿಗಳು ತೆರೆದಿರಲಿ.

ಹೋಗುವಾಗ ವಿಷದ ಪೊಟ್ಟಣವನ್ನು ಮರೆಯದೆ ಒಯ್ಯಿರಿ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನೂ ಹೇಳಿರಿ. ಇಲಿ ಪಾಷಾಣವೆಲ್ಲ ಒಂದೇ ಅಲ್ಲ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಲವಲವಿಕೆಯಿಂದಿದ್ದು, ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಬೀಳುತ್ತದೆ. ಅದಕ್ಕೆ ಕೆ1 ಜೀವಸತ್ವವನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಇನ್ನು 2020ರ ಡಿಸೆಂಬರ್ 31ರಿಂದ ನಿಷೇಧಗೊಂಡ ಫೋರೇಟ್ ಹರಳು ಕೆಲವರ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ದಾಸ್ತಾನಾಗಿ ಉಳಿದಿರಬಹುದು. ಅದನ್ನು ತಿಂದರೆ ಜೊಲ್ಲು, ಕಣ್ಣೀರು ಸುರಿದು ಮೈ ನಡುಗುತ್ತದೆ. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಬೇಕು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿರಿ.

ನದಿ ದಂಡೆಯ ನಾಯಿ ಮೀನಿನ ಗಾಳ ನುಂಗಿದ್ದರೆ ಹೊರಗೆ ಕಾಣುವ ದಾರವನ್ನು ಎಳೆಯಬೇಡಿರಿ, ಕತ್ತರಿಸಲೂಬೇಡಿರಿ. ಹಾಗೆಯೇ ವೈದ್ಯರಲ್ಲಿಗೆ ಒಯ್ಯಿರಿ.

ಮುಂದಿನ ಸಲ ವಿಷದ ತಿಂಡಿಯನ್ನು ಬದುವಿನ ಮೇಲೆ ಚೆಲ್ಲದೆ, 10 ಗ್ರಾಮಿನ ಪೊಟ್ಟಣ ಕಟ್ಟಿ ಇಲಿ ಇರುವ ಬಿಲದೊಳಗೆ ತಳ್ಳಿ ಬಾಯಿ ಮುಚ್ಚಿರಿ. ಕೆಲಸ ಮುಗಿಯುವವರೆಗೆ ನಾಯಿಯನ್ನು ಮನೆಯಲ್ಲೇ ಕಟ್ಟಿರಿ. ಸತ್ತ ಇಲಿಯ ಹೊಟ್ಟೆಯಲ್ಲೂ ವಿಷ ಉಳಿದಿರುವುದರಿಂದ, ಮರುದಿನ ಬೆಳಿಗ್ಗೆ ನಾಯಿ ಬಿಡುವ ಮೊದಲೇ ಅವುಗಳನ್ನು ಆರಿಸಿ ಆಳವಾಗಿ ಹೂಳಿರಿ.